ಗಜದ ಬೆಲೆಗೆ ಸಾಕ್ಷಿ ಎಲ್ಲಿದೆ?

1956ರ ರಾಜ್ಯ ಪುನರ್ವಿಂಗಡಣೆಯವರೆಗೆ, ಇಂದು ತೆಲಂಗಾಣದಲ್ಲಿರುವ ನಾರಾಯಣಖೇಡ ಮತ್ತು ಜಹೀರಾಬಾದ್ ಬೀದರ್ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲ್ಬರ್ಗಾ ಜಿಲ್ಲೆಯಲ್ಲಿತ್ತು. ನಂಟಸ್ತನ, ಸಂತೆ, ವ್ಯಾಪಾರ ಇಂದಿಗೂ ಗಡಿ ದಾಟಿ ನಡೆಯುತ್ತವೆ. ಬೀದರ್, ಸೇಡಂ, ಚಿಂಚೋಳಿ ಕಡೆಯವರು ಅಲ್ಲಿ ಸೈಟು ಕೊಳ್ಳಲು ಹೋಗುವುದೂ ಹೊಸದಲ್ಲ. ಹೋದವರು ಮೊದಲು ಎಡವುವುದು ಅಳತೆಯಲ್ಲಿ. ನಮ್ಮಲ್ಲಿ ಚದರಡಿ ಲೆಕ್ಕ, ಅಲ್ಲಿ ಚದರ ಗಜ. ನಮ್ಮ ಮೂವತ್ತು-ನಲವತ್ತರ ಸೈಟು ಅಲ್ಲಿ 133 ಗಜ ಚಿಲ್ಲರೆ. ಗಜಕ್ಕೆ ಆರು ಸಾವಿರ ಎಂದರೆ ಅಗ್ಗವೆನಿಸಬಹುದು, ಗುಣಿಸಿದರೆ ಎಂಟು ಲಕ್ಷ. ಆ ಎಂಟು ಲಕ್ಷಕ್ಕೆ ಆಧಾರವೇನು ಎಂದು ಕೇಳಿದರೆ ಏಜೆಂಟರು ತೋರಿಸುವುದು ಬಣ್ಣದ ಬ್ರೋಷರ್ ಮತ್ತು ಪಕ್ಕದ ವೆಂಚರಿನ (ಲೇಔಟಿನ) ರೇಟು. ಎರಡೂ ಸಾಕ್ಷ್ಯವಲ್ಲ.

ಹಾಗಾದರೆ ಸಬ್ ರಿಜಿಸ್ಟ್ರಾರ್ ಕಚೇರಿಯ ದರಪಟ್ಟಿ? ನಾವು ಮಾರ್ಗಸೂಚಿ ಬೆಲೆ ಎನ್ನುವುದನ್ನು ತೆಲಂಗಾಣದಲ್ಲಿ ಮಾರ್ಕೆಟ್ ವ್ಯಾಲ್ಯೂ ಎನ್ನುತ್ತಾರೆ, ಆ ಹೆಸರೇ ಕೊಳ್ಳುವವರನ್ನು ದಾರಿ ತಪ್ಪಿಸುತ್ತದೆ. ಆದಿಲಾಬಾದಿನ ಭೂಸ್ವಾಧೀನದ ಜವಾಜಿ ನಾಗನಾಥಂ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1994ರಲ್ಲಿ ಹೇಳಿದ್ದು ನೇರವಾಗಿದೆ: ಮುದ್ರಾಂಕ ಶುಲ್ಕ ವಸೂಲಿಗೆಂದು ಇಟ್ಟ ದರಪುಸ್ತಕ ಜಮೀನಿನ ನಿಜ ಬೆಲೆಗೆ ಪುರಾವೆಯಾಗದು. ಮತ್ತೆ ಯಾವುದು ಪುರಾವೆ? ಅದೇ ಕೋರ್ಟಿನ 1988ರ ಚಿಮನ್‌ಲಾಲ್ ತೀರ್ಪು ಅದನ್ನು ಬಿಡಿಸಿ ಹೇಳಿದೆ. ಹತ್ತಿರದ ಜಾಗದಲ್ಲಿ, ಹತ್ತಿರದ ಕಾಲದಲ್ಲಿ, ನಂಟು-ದಾಕ್ಷಿಣ್ಯವಿಲ್ಲದೆ ನಡೆದ ಮಾರಾಟವನ್ನು ತೆಗೆದುಕೊಳ್ಳಬೇಕು. ಆಮೇಲೆ ರಸ್ತೆಗೆ ತಾಗಿದ ಮುಖ, ಚೌಕವಾದ ಆಕಾರ ಇದ್ದರೆ ಕೂಡಿಸಬೇಕು, ತಗ್ಗು, ಒಳಗಿನ ಜಾಗ, ರಸ್ತೆಯಿಂದ ದೂರ ಇದ್ದರೆ ಕಳೆಯಬೇಕು. ಸಣ್ಣ ಸೈಟಿನ ದರದಿಂದ ದೊಡ್ಡ ಜಮೀನಿನ ಬೆಲೆ ಕಟ್ಟುವಾಗ ರಸ್ತೆ, ಚರಂಡಿ, ಖಾಲಿ ಜಾಗಕ್ಕೆಂದು ಸುಮಾರು ಶೇ 20ರಿಂದ 50ರವರೆಗೆ ಕಡಿತ ಮಾಡಬೇಕು. ಇದು ಪರಿಹಾರ ನಿಗದಿಗೆಂದು ಹುಟ್ಟಿದ ಲೆಕ್ಕವಾದರೂ ಕೊಳ್ಳುವವರಿಗೂ ಇದಕ್ಕಿಂತ ಪ್ರಾಮಾಣಿಕವಾದ ತಕ್ಕಡಿ ಸಿಗಲಾರದು. ಎಕರೆ ಎಂದರೆ 4,840 ಗಜ. ವೆಂಚರಿನ ಪಕ್ಕದ ಹೊಲ ಎಕರೆಗೆ 60 ಲಕ್ಷಕ್ಕೆ ನೋಂದಣಿಯಾಗಿದೆ ಎಂದಿಟ್ಟುಕೊಳ್ಳಿ, ಗಜಕ್ಕೆ ಸುಮಾರು 1,240 ಬಿತ್ತು. ಅರ್ಧ ಜಾಗ ರಸ್ತೆಗೆ ಹೋಯಿತೆಂದರೂ 2,480. ಆರು ಸಾವಿರದಲ್ಲಿ ಉಳಿದದ್ದು ಯಾವ ಕಾಮಗಾರಿಗೆ, ಯಾವ ಅನುಮತಿಗೆ ಎಂದು ಕೇಳುವುದು ಕೊಳ್ಳುವವರ ಹಕ್ಕು.

ಈ ಕ್ರಯಪತ್ರಗಳು ನಮಗೆ ಎಲ್ಲಿ ಸಿಗಬೇಕು ಎನ್ನುವವರು ನೋಂದಣಿ ಕಾಯ್ದೆಯ 57ನೇ ಕಲಮನ್ನು ಓದಬೇಕು. ಸ್ಥಿರಾಸ್ತಿ ದಸ್ತಾವೇಜುಗಳಿರುವ ಒಂದನೇ ಪುಸ್ತಕವನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು, ದೃಢೀಕೃತ ನಕಲು ಪಡೆಯಬಹುದು. ಮಾರುವವರ ಒಪ್ಪಿಗೆ ಬೇಕಿಲ್ಲ, ಆ ಊರಿನವರೇ ಆಗಿರಬೇಕೆಂದೂ ಇಲ್ಲ. ಅದೇ ಸರ್ವೆ ನಂಬರಿನ ಋಣಭಾರ ಪತ್ರ (ಇ.ಸಿ.) ತೆಗೆಸಿ, ಕಳೆದ ಮೂರು ವರ್ಷದ ಮಾರಾಟಗಳ ನಕಲು ಕೇಳಿದರೆ ಬೆಲೆಯ ಚಿತ್ರ ಮುಂದೆ ಬರುತ್ತದೆ.

ಇದಕ್ಕೆ ಬರುವ ಮೊದಲ ಆಕ್ಷೇಪ ಬಲವಾದದ್ದೇ: ಪತ್ರದಲ್ಲಿ ಬರೆಸುವುದು ಒಂದು, ಕೈಗೆ ಕೊಡುವುದು ಇನ್ನೊಂದು, ಸುಳ್ಳು ಅಂಕಿಯಿಂದ ನಿಜ ಬೆಲೆ ಹೇಗೆ ತಿಳಿದೀತು? ಎಲ್ಲ ಪತ್ರಗಳಿಗೂ ಸಮಾನ ತೂಕ ಕೊಟ್ಟರೆ ಖಂಡಿತ ತಿಳಿಯದು. ಆದರೆ ಇ.ಸಿ.ಯಲ್ಲಿ ಮಾರಾಟದ ಬೆನ್ನಿಗೇ ಬ್ಯಾಂಕಿನ ಅಡಮಾನ ನಮೂದಾಗಿದ್ದರೆ ಆ ಬೆಲೆ ನಿಜಕ್ಕೆ ಹತ್ತಿರ, ಏಕೆಂದರೆ ಸಾಲ ಬೇಕಾದವರು ಬೆಲೆ ಮುಚ್ಚಿಡುವುದಿಲ್ಲ. ಅಲ್ಲದೆ ಕಪ್ಪಿನಲ್ಲಿ ಕೊಟ್ಟ ಹಣಕ್ಕೆ ಕಾನೂನಿನಲ್ಲಿ ಬೆಲೆಯೇ ಇಲ್ಲ. ವ್ಯವಹಾರ ಮುರಿದರೆ ಅದನ್ನು ಸಾಬೀತು ಮಾಡುವುದು ಕಷ್ಟ. ನಾಳೆ ಜಾಗ ಸ್ವಾಧೀನವಾದರೆ 2013ರ ಭೂಸ್ವಾಧೀನ ಕಾಯ್ದೆಯ 26ನೇ ಕಲಮು ಮುಖ್ಯವಾಗಿ ಎಣಿಸುವುದು ಮುದ್ರಾಂಕ ದರವನ್ನೂ ನೋಂದಾಯಿತ ಮಾರಾಟಗಳನ್ನೂ. ಜಹೀರಾಬಾದ್ ಸುತ್ತ ಇದು ದೂರದ ಮಾತಲ್ಲ. ನ್ಯಾಲಕಲ್, ಝರಾಸಂಗಂ ಮಂಡಲಗಳಲ್ಲಿ ‘ನಿಮ್ಜ್’ ಹೂಡಿಕೆ ವಲಯಕ್ಕೆ ವರ್ಷಗಳಿಂದ ಭೂಸ್ವಾಧೀನ ನಡೆದಿದೆ.

ಆ ವಲಯವೇ ಎರಡನೇ ಆಕ್ಷೇಪ. 2024ರ ಆಗಸ್ಟಿನಲ್ಲಿ ಕೇಂದ್ರ ಸಂಪುಟ ಒಪ್ಪಿದ 12 ಕೈಗಾರಿಕಾ ನಗರಗಳಲ್ಲಿ ಜಹೀರಾಬಾದ್ ಒಂದು, 3,245 ಎಕರೆಯ ಯೋಜನೆ. ಹಳೆಯ ಕ್ರಯಪತ್ರ ನೋಡುತ್ತ ಕೂತರೆ ಅವಕಾಶ ಕೈತಪ್ಪುತ್ತದೆ ಎನ್ನುತ್ತಾರೆ. ಮುಂದಿನ ಬೆಳವಣಿಗೆಗೆ ಬೆಲೆಯಿದೆ, ನ್ಯಾಯಾಲಯಗಳೂ ಅದನ್ನು ಒಪ್ಪುತ್ತವೆ. ಆದರೆ ನಿರ್ದಿಷ್ಟ ಜಾಗಕ್ಕೆ ಅದು ಎಷ್ಟು ಹತ್ತಿರ ಎಂಬುದಕ್ಕೆ ಆಧಾರ ಬೇಕು. ಯೋಜನೆಯ ಗಡಿಯೊಳಗೆ ಬಿದ್ದ ಸೈಟಿಗೆ ಸಿಗುವುದು ಪರಿಹಾರ, ಗಡಿಯಾಚೆ ಹತ್ತಾರು ಕಿಲೋಮೀಟರು ದೂರದ್ದಕ್ಕೆ ಸಿಗುವುದು ಬರೀ ಸುದ್ದಿ. ನಾರಾಯಣಖೇಡದ ಸೈಟಿಗೂ ಇದೇ ಹೆಸರು ಹೇಳಿ ಬೆಲೆ ಏರಿಸಿದರೆ ನಂಬುವುದೇಕೆ?

ಕಳೆಯುವ ಪಟ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡದು ಅನುಮತಿಯ ಕೊರತೆ. ಕೃಷಿಯೇತರ ಬಳಕೆಗೆ ಪರಿವರ್ತನೆಯಾಗದೆ ಗುಂಟೆ ಲೆಕ್ಕದಲ್ಲಿ ‘ಫಾರ್ಮ್ ಪ್ಲಾಟ್’ ಎಂದು ಮಾರುವುದು ಕಾನೂನಿನ ಕಣ್ಣಲ್ಲಿ ಹೊಲ. ಅದಕ್ಕೆ ಹೊಲದ ಬೆಲೆ ಮಾತ್ರ. ಆಮೇಲೆ ಸಕ್ರಮವಾಗುತ್ತದೆ ಎಂಬ ಭರವಸೆ ಬೇರೆ. ತೆಲಂಗಾಣದ ಎಲ್‌ಆರ್‌ಎಸ್ ಎಂಬ ಲೇಔಟ್ ಸಕ್ರಮ ಯೋಜನೆಯ ಗಡುವು 2020ರ ಆಗಸ್ಟ್ 26. ಅದರ ನಂತರ ಹುಟ್ಟಿದ ಅನಧಿಕೃತ ಲೇಔಟಿಗೆ ಅದರಲ್ಲಿ ಜಾಗವಿಲ್ಲ, ಮುಂಚಿನದಕ್ಕೂ ಖಾಲಿ ಜಾಗ ಬಿಡದಿದ್ದರೆ ಸೈಟಿನ ಮಾರುಕಟ್ಟೆ ಮೌಲ್ಯದ ಶೇ 14 ಹೆಚ್ಚುವರಿ ಶುಲ್ಕ. ಸರ್ಕಾರ ಬಡವರಿಗೆ ಕೊಟ್ಟ ಅಸೈನ್ಡ್ ಜಮೀನಾದರೆ 1977ರ ಕಾಯ್ದೆಯಡಿ ಮಾರಾಟವೇ ನಿಷಿದ್ಧ, ಬೆಲೆ ಸೊನ್ನೆ. ನೋಂದಣಿ ಇಲಾಖೆಯ 22-ಎ ನಿಷೇಧಿತ ಆಸ್ತಿಗಳ ಪಟ್ಟಿಯಲ್ಲಿ ಸರ್ವೆ ನಂಬರು ಇದೆಯೇ ಎಂದು ಹುಡುಕಲು ಹತ್ತು ನಿಮಿಷ ಸಾಕು. ಐದುನೂರು ಚದರ ಮೀಟರಿಗಿಂತ ದೊಡ್ಡ ಲೇಔಟು ರೇರಾ ನೋಂದಣಿಯಿಲ್ಲದೆ ಜಾಹೀರಾತನ್ನೇ ಕೊಡುವಂತಿಲ್ಲ. ನೋಂದಣಿಯಾಗಿದ್ದರೂ ಕರಾರು ಪತ್ರ ನೋಂದಾಯಿಸದೆ ಶೇ 10ಕ್ಕಿಂತ ಹೆಚ್ಚು ಬಯಾನ ಕೇಳುವಂತಿಲ್ಲ. ಇಷ್ಟಾದ ಮೇಲೆ ನಿಂತ ಮೊತ್ತಕ್ಕೆ ನೋಂದಣಿ ಖರ್ಚು ಶೇ 7.5 ಸೇರಿಸಿ, ಏಜೆಂಟರ ಎಂಟು ಲಕ್ಷದ ಪಕ್ಕದಲ್ಲಿಟ್ಟು ಚೌಕಾಸಿಗೆ ಕೂರಬಹುದು.