ಸಸಿ ನೆಟ್ಟ ಮರುದಿನ

ವನಮಹೋತ್ಸವವೆಂದರೆ ನಮಗೆಲ್ಲರಿಗೂ ತಿಳಿದಿರತಕ್ಕ ವಿಷಯವೇ. 1950ರಲ್ಲಿ ಕೇಂದ್ರದ ಆಹಾರ ಮತ್ತು ಕೃಷಿ ಮಂತ್ರಿಗಳಾಗಿದ್ದ ಕೆ. ಎಂ. ಮುನ್ಷಿಯವರು ಇದನ್ನು ಆರಂಭಿಸಿದರು. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರಲ್ಲಿ ರಾಷ್ಟ್ರೀಯ ಸೇವಾ ಯೋಜನೆ ಹುಟ್ಟಿದ ಮೇಲೆ ಗುದ್ದಲಿಯು ಕಾಲೇಜು ವಿದ್ಯಾರ್ಥಿಗಳ ಕೈಗೂ ಬಂದಿತು. ಉತ್ಸವದ ದಿನ ಏನು ನಡೆಯುತ್ತದೆಂಬುದನ್ನು ವರ್ಣಿಸಬೇಕಾದುದಿಲ್ಲ. ಮರುದಿನದಿಂದ ಏನಾಗುತ್ತದೆ ಎಂಬುದನ್ನು ನಾನಿಲ್ಲಿ ವಿಚಾರಿಸಬೇಕೆಂದಿದ್ದೇನೆ.

ನಮ್ಮ ಬೆಂಗಳೂರಿನ ಸಾಲುಮರಗಳು ತಾವಾಗಿ ಎದ್ದುವಲ್ಲ. 1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನಿಯ ಕೃಂಬಿಗಲ್ ಅವರು, ಒಂದು ಜಾತಿಯ ಹೂ ಉದುರುವ ಹೊತ್ತಿಗೆ ಇನ್ನೊಂದು ಅರಳುವಂತೆ ಬೀದಿಗಳಿಗೆ ಮರಗಳನ್ನು ಆರಿಸಿದರು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ ಅವರು ನಗರದಲ್ಲಿ ಸುಮಾರು 15 ಲಕ್ಷ ಗಿಡಗಳನ್ನು ನೆಡಿಸಿದರು. ಇವರಿಬ್ಬರ ಬೆನ್ನಿಗೆ ಸರ್ಕಾರವಿದ್ದಿತು. ಮಾಗಡಿ ಸೀಮೆಯ ಹುಲಿಕಲ್ಲಿನ ತಿಮ್ಮಕ್ಕನವರಿಗೆ ಅದೂ ಇರಲಿಲ್ಲ. ಶಾಲೆಯ ಓದಿಲ್ಲದ ಆ ತಾಯಿಯೂ ಅವರ ಪತಿ ಚಿಕ್ಕಯ್ಯನವರೂ ಹುಲಿಕಲ್-ಕುದೂರು ರಸ್ತೆಯ ಆಲದ ಸಸಿಗಳಿಗೆ ಕೊಡಗಳಲ್ಲಿ ನೀರು ಹೊತ್ತರು. ದನಕರುಗಳು ಬಾಯಿ ಹಾಕದಂತೆ ಮುಳ್ಳು ಕಟ್ಟಿದರು. 2019ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು; 2025ರ ನವೆಂಬರಿನಲ್ಲಿ ಅವರು ಕಾಲವಾದರು. ಸಭೆಗಳಲ್ಲಿ ಅವರು ನೆಟ್ಟ ಮರಗಳ ಲೆಕ್ಕ ಹೇಳುವವರು ಬಹಳ ಮಂದಿ. ಹೊತ್ತ ಕೊಡಗಳ ಲೆಕ್ಕ ಹೇಳಿದವರನ್ನು ನಾನು ಕಾಣೆ.

ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ ನಾವು ಕಾಲೇಜಿನ ಹಿಂದಿನ ಬೀದಿಯಲ್ಲಿ 40 ಸಸಿ ನೆಟ್ಟೆವು. ನೆಡುವ ಕೆಲಸವೇನೂ ಕಷ್ಟದ್ದಲ್ಲ. ಉದ್ದ, ಅಗಲ, ಆಳ ಎರಡೆರಡು ಅಡಿಯ ಗುಂಡಿ ತೆಗೆಯಬೇಕು. ಮೇಲ್ಮಣ್ಣನ್ನು ಬೇರೆ ಇಟ್ಟು ಕೊಟ್ಟಿಗೆ ಗೊಬ್ಬರದೊಡನೆ ಬೆರೆಸಬೇಕು. ಪ್ಲಾಸ್ಟಿಕ್ ಚೀಲವನ್ನು ಹರಿದು ತೆಗೆದು, ಬೇರಿನ ಮಣ್ಣು ಒಡೆಯದಂತೆ ಸಸಿಯನ್ನು ಇಳಿಸಬೇಕು. ಸುತ್ತ ನೀರು ನಿಲ್ಲುವಂತೆ ಪಾತಿ ಕಟ್ಟಿ, ಆಸರೆಗೆ ಒಂದು ಕೋಲು ನಿಲ್ಲಿಸಬೇಕು. ವಿದ್ಯುತ್ ತಂತಿಯ ಕೆಳಗೆ ಪಾರಿಜಾತದಂಥ ಗಿಡ್ಡ ಜಾತಿಗಳೇ ಸರಿ. ತಂತಿಯಿಲ್ಲದ ಕಡೆ ಹೊಂಗೆ, ಬೇವು, ನೇರಳೆ. ಗುಲ್‌ಮೊಹರ್ ನೋಡಲು ಸೊಗಸು; ಆದರೆ ಅದರ ಬೇರು ಆಳಕ್ಕಿಳಿಯದು, ಬಿರುಗಾಳಿಗೆ ಬೀಳುವ ಮರಗಳಲ್ಲಿ ಅದು ಮುಂದು.

ನಾವು ಕೈ ತೊಳೆಯುತ್ತಿದ್ದಾಗ ಎದುರಿನ ಟೀ ಅಂಗಡಿಯ ಯಜಮಾನರು, "ಫೋಟೋ ಆಯ್ತೇನಪ್ಪಾ? ಇನ್ನು ನೀರು ಯಾರು ಹಾಕ್ತಾರೆ?" ಎಂದರು. ಹುಡುಗರು ನಕ್ಕರು. ಪ್ರಶ್ನೆ ಮಾತ್ರ ನಗುವಂಥದಲ್ಲ.

ಕಾಲೇಜಿನ ಪಂಚಾಂಗವೂ ಸಸಿಯ ಪಂಚಾಂಗವೂ ಒಂದಕ್ಕೊಂದು ಕೂಡುವುದಿಲ್ಲ. ನಾವು ನೆಡುವುದು ಮಳೆ ಬೀಳುವಾಗ. ಆಗ ಸಸಿಗೆ ನಮ್ಮ ಹಂಗೇ ಇಲ್ಲ. ಫೆಬ್ರವರಿಯಿಂದ ಮೇ ತಿಂಗಳವರೆಗೆ, ಅದು ನೀರಿಗಾಗಿ ಬಾಯಿ ಬಿಡುವಾಗ, ನಾವು ಪರೀಕ್ಷೆಯಲ್ಲೋ ರಜದಲ್ಲೋ ಇರುತ್ತೇವೆ. ಬೇರು ಆಳಕ್ಕಿಳಿದು ಸಸಿ ತನ್ನ ಕಾಲ ಮೇಲೆ ನಿಲ್ಲಲು ಎರಡು ಮೂರು ಬೇಸಗೆಗಳಾದರೂ ಬೇಕು. ಅಷ್ಟರೊಳಗೆ ನೆಟ್ಟವನು ಪದವಿ ಪಡೆದು ಹೊರಟುಹೋಗಿರುತ್ತಾನೆ!

ನಮ್ಮ 40ರಲ್ಲಿ ಈಗ ನಿಂತಿರುವುವು 22. ಮನೆ ಅಂಗಡಿಗಳ ಮುಂದಿನವು ಬಹುಮಟ್ಟಿಗೆ ಉಳಿದಿವೆ. ಉದ್ದನೆಯ ಕಾಂಪೌಂಡು ಗೋಡೆಯ ಪಕ್ಕದಲ್ಲಿದ್ದುವು ಒಣಗಿದುವು. ಮೂರು, ಯಾರೋ ಕೇಬಲ್ಲಿಗೆ ಅಗೆದಾಗ ಹೋದುವು. ಮಣ್ಣು ಎರಡೂ ಕಡೆ ಒಂದೇ. ಗೋಡೆಗೆ ಕಣ್ಣಿಲ್ಲ, ಅಷ್ಟೆ. ನೆರೆಯವರನ್ನು ಒಂದು ಮಾತು ಕೇಳಿ ನೆಟ್ಟ ಸಸಿಗೆ ಪಾತ್ರೆ ತೊಳೆದ ನೀರಾದರೂ ದೊರೆಯುತ್ತದೆ.

ಇಷ್ಟು ಗೋಜೇಕೆ ಎನ್ನುವ ಮಿತ್ರರಿದ್ದಾರೆ. ನನ್ನ ತಾಯಿ ಸೊಪ್ಪು ಮಾರುವುದು ಒಂದು ಹೊಂಗೆ ಮರದ ಕೆಳಗೆ. ಏಪ್ರಿಲ್ ತಿಂಗಳಲ್ಲಿ ನೆರಳಿನಲ್ಲಿಟ್ಟ ಕಟ್ಟು ಸಂಜೆಯವರೆಗೆ ಬರುತ್ತದೆ. ಬಿಸಿಲಿನಲ್ಲಿಟ್ಟದ್ದು ಹನ್ನೊಂದು ಗಂಟೆಗೇ ಬಾಡಿ ಅರ್ಧ ಬೆಲೆಗೆ ಇಳಿಯುತ್ತದೆ. ನನ್ನ ಕಾಲೇಜಿನ ಶುಲ್ಕ ಆ ಕಟ್ಟುಗಳಿಂದಲೇ ಬಂದುದು. ಆ ಮರವನ್ನು ನೆಟ್ಟವರಾರೆಂಬುದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದಂತೆ ಮರ ಕಡಿಯಲು ವೃಕ್ಷಾಧಿಕಾರಿಯ ಅಪ್ಪಣೆ ಬೇಕು. ಬುಡಕ್ಕೆ ಕಾಂಕ್ರೀಟು ಸುರಿದು ಉಸಿರು ಕಟ್ಟಿಸುವವರು ಅಪ್ಪಣೆ ಕೇಳಲು ಹೋಗುವರೆ?

ಈ ವರ್ಷ ನಾವು ಒಂದು ಪುಸ್ತಕವಿಟ್ಟಿದ್ದೇವೆ. ಪ್ರತಿಯೊಂದು ಸಸಿಯ ಎದುರಿಗೆ ಎರಡು ಹೆಸರು: ಒಂದು ಮೊದಲನೆಯ ವರ್ಷದ ವಿದ್ಯಾರ್ಥಿಯದು, ಇನ್ನೊಂದು ಆ ಬೀದಿಯವರದು. ಅಂತಿಮ ವರ್ಷದವರ ಹೆಸರನ್ನು ಬೇಕೆಂದೇ ಬರೆದಿಲ್ಲ. ಪುಸ್ತಕವು ಸೇವಾ ಯೋಜನೆಯ ಕೊಠಡಿಯಲ್ಲಿದೆ. ದರ್ಜಿ ಅಂಗಡಿಯ ಮುಂದಿನ ಪಾರಿಜಾತದ ಚಿಂತೆ ಬೇಡ, ಆ ದರ್ಜಿಯವರು ನೋಡಿಕೊಳ್ಳುತ್ತಾರೆ. ಬಸ್ ನಿಲ್ದಾಣದ ಹತ್ತಿರದ ನೇರಳೆಗೆ ಮಾತ್ರ ಈ ಬೇಸಗೆಯಲ್ಲಿ ವಾರಕ್ಕೆರಡು ಸಲ ಎರಡೆರಡು ಬಿಂದಿಗೆ ನೀರು ಬೇಕು. ಅದರ ಎದುರಿಗೆ ಇನ್ನೂ ಒಂದು ಹೆಸರಿನ ಜಾಗ ಖಾಲಿಯಿದೆ.