ಅವನ ಮೈ ನಿನ್ನ ಮೈಯಲ್ಲ

‘ಅವನೂ ಅದನ್ನೇ ತಿಂದ, ಅವನಿಗೇನೂ ಆಗಲಿಲ್ಲವಲ್ಲ’ ಎಂದು ಕಾಲೇಜು ಹುಡುಗರು ವಾದಿಸುವುದನ್ನು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಮಕ್ಕಳೇ, ತಿನಿಸಿನ ಪೊಟ್ಟಣ ಒಂದೇ ಆದರೂ ಅದರಲ್ಲಿ ಬೆರೆಸಿದ್ದನ್ನು ಅರಗಿಸಿಕೊಳ್ಳುವ ಮೈ ಬೇರೆ ಬೇರೆ.

ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದವರು ಚಿಕ್ಕ ಮಕ್ಕಳಿಗೆ ಕೃತಕ ಬಣ್ಣ ಮತ್ತು ಕೆಡದಂತೆ ಹಾಕುವ ಸೋಡಿಯಂ ಬೆಂಜೋಯೇಟ್ ಬೆರೆಸಿದ ಪಾನೀಯ ಕುಡಿಸಿ ನೋಡಿ, 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಟ್ಟಾರೆ ಚಡಪಡಿಕೆ ಹೆಚ್ಚಿತ್ತು. ಆದರೆ ಒಂದು ಮಗು ಕೂತಲ್ಲಿ ಕೂರಲಾರದಂತಾದರೆ ಇನ್ನೊಂದು ಏನೂ ಆಗದಂತೆ ಇತ್ತು. ಮೈಯಲ್ಲಿನ ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಒಡೆಯುವ ವಂಶವಾಹಿಯಲ್ಲಿನ ವ್ಯತ್ಯಾಸವೂ ಇದಕ್ಕೆ ಒಂದು ಕಾರಣವೆಂದು ಆಮೇಲೆ ಕಂಡುಬಂತು. 2010ರಿಂದ ಐರೋಪ್ಯ ಒಕ್ಕೂಟದಲ್ಲಿ ಆ ಬಣ್ಣಗಳಿರುವ ತಿನಿಸಿನ ಮೇಲೆ ಎಚ್ಚರಿಕೆ ಅಚ್ಚಾಗುತ್ತದೆ.

ಪೊಟ್ಟಣ ತಿರುಗಿಸಿ ಸಣ್ಣಕ್ಷರ ಓದಿ; ಬೆರೆಸಿದ ವಸ್ತುಗಳನ್ನು ಅಲ್ಲಿ ಸಂಖ್ಯೆಗಳಲ್ಲಿ ಬರೆದಿರುತ್ತಾರೆ. 102 ಎಂದರೆ ಟಾರ್ಟ್ರಜೀನ್ ಎಂಬ ಹಳದಿ, ಕೆಲವರಿಗೆ ಮೈಮೇಲೆ ದದ್ದು ತರುತ್ತದೆ. 220 ಎಂದರೆ ಒಣಹಣ್ಣು ಕಪ್ಪಾಗದಂತೆ ಹಾಕುವ ಸಲ್ಫರ್ ಡೈಆಕ್ಸೈಡ್, ಆಸ್ತಮಾ ಇರುವ ಕೆಲವರಿಗೆ ಉಸಿರು ಕಟ್ಟಿಸುತ್ತದೆ. 951 ಎಂದರೆ ಸಕ್ಕರೆಯ ಬದಲು ಹಾಕುವ ಆಸ್ಪರ್ಟೇಮ್, ಫಿನೈಲ್‌ಕೀಟೋನ್ಯೂರಿಯಾ ಎಂಬ ಹುಟ್ಟುರೋಗ ಇದ್ದವರು ಮುಟ್ಟಲೇಬಾರದು. ಹಾಗೆಂದು ಸಂಖ್ಯೆ ಕಂಡ ಕೂಡಲೇ ಬೆದರಬೇಡಿ: 330 ನಿಂಬೆಯ ಹುಳಿಯೇ, 300 ವಿಟಮಿನ್ ಸಿ.

ಇಂಥ ವಸ್ತುಗಳಿಗೆ ದಿನಕ್ಕೆ ಇಷ್ಟು ಎಂಬ ಮಿತಿಯನ್ನು ಜೀವಮಾನವಿಡೀ ತಿಂದರೂ ತೊಂದರೆಯಾಗದ ಲೆಕ್ಕದಲ್ಲಿ, ದೇಹದ ತೂಕಕ್ಕೆ ತಕ್ಕಂತೆ ಗೊತ್ತುಮಾಡಿರುತ್ತಾರೆ. ಆಸ್ಪರ್ಟೇಮ್‌ಗೆ ಅದು ಕಿಲೋಗೆ 40 ಮಿಲಿಗ್ರಾಂ. ಅರವತ್ತು ಕಿಲೋದ ನಿಮಗೆ ಸಲ್ಲುವುದರ ಕಾಲುಭಾಗವಷ್ಟೇ ಹದಿನೈದು ಕಿಲೋದ ತಂಗಿಗೆ ಸಲ್ಲುತ್ತದೆ. ನಿಮ್ಮ ತಂಪು ಪಾನೀಯದ ಬಾಟಲಿಯನ್ನು ಅವಳ ಕೈಗೆ ಕೊಡುವ ಮುನ್ನ ಇದು ನೆನಪಿರಲಿ.

ರೋಡಮಿನ್-ಬಿ ಮಾತೇ ಬೇರೆ. ಅದು ಬಟ್ಟೆಗೆ ಹಾಕುವ ಬಣ್ಣ, ಯಾರ ಹೊಟ್ಟೆಗೂ ಅಲ್ಲ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಬಾಂಬೆ ಮಿಠಾಯಿಯಲ್ಲಿ ಅದನ್ನೂ, ಗೋಬಿ ಮಂಚೂರಿಯಲ್ಲಿ ಕೃತಕ ಬಣ್ಣಗಳನ್ನೂ ನಿಷೇಧಿಸಿತು. ಜೂನ್‌ನಲ್ಲಿ ಕಬಾಬ್‌ನ ಸರದಿ ಬಂತು. ಬೆರಳಿಗೆ ಕೆಂಪು ಮೆತ್ತುವ ಗೋಬಿ ಸಿಕ್ಕರೆ ತಟ್ಟೆ ಅಲ್ಲೇ ಬಿಟ್ಟು ಬನ್ನಿ.

ಒಂದೇ ತಿನಿಸು ತಿಂದಾಗಲೆಲ್ಲ ದದ್ದೋ ಉಬ್ಬಸವೋ ಬಂದರೆ ಗೆಳೆಯರೆದುರು ಮುಚ್ಚಿಡಬೇಡಿ. ಆ ಪೊಟ್ಟಣವನ್ನು ಎಸೆಯದೆ ವೈದ್ಯರ ಬಳಿ ಒಯ್ಯಿರಿ.