ತಿಕ್ಕುವ ಜಾಗ ತಿಳಿದು ತೇಪೆ ಹಾಕಿ

ತಮ್ಮಂದಿರೇ,

ಸಾಣಾಪುರದ ಕೆರೆಯಲ್ಲೋ ಆನೆಗೊಂದಿಯ ಹೊಳೆಯಲ್ಲೋ ಹುಟ್ಟು ಹಿಡಿಯಲು ಹೊರಟಿದ್ದೀರಿ. ಸಂತೋಷ. ಹರಿಗೋಲು ತಿರುಗಿಸುವುದನ್ನು ನಿಮಗೆ ಕಲಿಸುವವರು ಬೇಕಾದಷ್ಟು ಜನ ಇದ್ದಾರೆ. ನೀರಿಗಿಳಿಸುವ ಮೊದಲು ಅದನ್ನು ಬೋರಲು ಹಾಕಿ ತಳ ನೋಡಬೇಕೆಂದು ಹೇಳುವವರು ಕಡಿಮೆ. ಹುಟ್ಟು ಹಾಕುವ ಚಂದ ನಾಲ್ಕು ಜನರ ಕಣ್ಣಿಗೆ ಬೀಳುತ್ತದೆ, ತಳದ ಕೆಲಸ ಯಾರಿಗೂ ಕಾಣಿಸುವುದಿಲ್ಲ. ಆದರೆ ಕೂತವರ ಜೀವ ನಿಂತಿರುವುದು ಆ ತಳದ ಮೇಲೆ. ಅದಕ್ಕೇ ಇವತ್ತು ತಳದ ಮಾತನ್ನಷ್ಟೇ ಹೇಳುತ್ತೇನೆ.

ಈ ಕಸುಬು ಇಂದು ನಿನ್ನೆಯದಲ್ಲ. 1520ರ ಸುಮಾರಿಗೆ, ಕೃಷ್ಣದೇವರಾಯನ ಕಾಲದಲ್ಲಿ, ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ನಮ್ಮ ಹರಿಗೋಲುಗಳನ್ನು ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ. ಬುಟ್ಟಿಯಂತೆ ದುಂಡಗಿರುತ್ತವೆ, ಒಳಗೆ ಹೆಣಿಗೆ, ಹೊರಗೆ ತೊಗಲಿನ ಹೊದಿಕೆ, 15–20 ಜನರನ್ನು ದಾಟಿಸುತ್ತವೆ, ಬೇಕಾದರೆ ಕುದುರೆ ಎತ್ತುಗಳನ್ನೂ ಹೊರುತ್ತವೆ, ನೆಟ್ಟಗೆ ಹೋಗದೆ ಸದಾ ಸುತ್ತುತ್ತಿರುತ್ತವೆ ಎಂದು ಅವನು ಹೇಳುತ್ತಾನೆ. ಕೊನೆಯ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಸುತ್ತುತ್ತಲೇ ಸಾಗುವ ದೋಣಿಗೆ ಮುಂದು ಹಿಂದು ಎಂಬುದಿಲ್ಲ. ನಮ್ಮ ತುಂಗಭದ್ರೆಯ ಪಾತ್ರವೆಲ್ಲ ಬಂಡೆ. ಯಾವ ಮಗ್ಗುಲಿಗೆ ಯಾವ ಕಲ್ಲು ತಾಗೀತು ಎಂದು ಮೊದಲೇ ಹೇಳಲಾಗದು. ಆದ್ದರಿಂದ ಒಂದೇ ಕಡೆ ದಪ್ಪ ತೇಪೆ ಹಾಕಿ ನಿಶ್ಚಿಂತೆಯಾಗಿರಲು ಬರುವುದಿಲ್ಲ.

ಸವೆತ ಎರಡು ಕಡೆಯಿಂದ ಬರುತ್ತದೆ. ಹೊರಗಿನದು ಎಲ್ಲರಿಗೂ ಗೊತ್ತು: ಬಂಡೆ, ಮರಳು, ದಂಡೆಗೆ ಎಳೆಯುವಾಗಿನ ಉಜ್ಜಾಟ. ಒಳಗಿನದು ಮೋಸದ್ದು. ಬಿದಿರಿನ ದಬ್ಬೆಯ ಗಂಟು, ಸೀಳಿದ ಅಂಚು, ಹೊರಚಾಚಿದ ಸಿಬಿರು, ಇವು ಜನ ಹತ್ತಿಳಿದಾಗಲೆಲ್ಲ ಹೊದಿಕೆಗೆ ಒಳಗಿನಿಂದ ತಿಕ್ಕುತ್ತವೆ. ಹೊರಗೆ ಡಾಂಬರು ಮಿರಮಿರ ಮಿಂಚುತ್ತಿರುವಾಗಲೇ ಒಳಗೆ ಹಾಳೆ ತೆಳುವಾಗಿರುತ್ತದೆ. ಆದ್ದರಿಂದ ಹೊದಿಕೆ ಕೊಳ್ಳಲು ಪೇಟೆಗೆ ಹೋಗುವ ಮುಂಚೆ ಬರಿಯ ಹೆಣಿಗೆಯ ಮೇಲೆ ಅಂಗೈ ಆಡಿಸಿ. ಕೈಗೆ ಚುಚ್ಚಿದ್ದು ಹಾಳೆಯನ್ನು ಹರಿಯದೆ ಬಿಡುವುದಿಲ್ಲ. ಗಂಟುಗಳನ್ನು ಕೆತ್ತಿ, ಅಂಚುಗಳನ್ನು ಉಜ್ಜಿ ದುಂಡಗೆ ಮಾಡಿ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ, ಇದಕ್ಕಿಂತ ದೊಡ್ಡ ಕಾಪೂ ಇಲ್ಲ.

ಇನ್ನು ಹೊದಿಕೆ. ಹಿಂದೆ ತೊಗಲು ಬಳಸುತ್ತಿದ್ದರು. ತೊಗಲು ತಿಕ್ಕಾಟ ತಾಳುತ್ತದೆ, ಆದರೆ ನೆನೆದೇ ಇದ್ದರೆ ಕೊಳೆಯುತ್ತದೆ. ಈಗ ತಾಡಪತ್ರಿ, ಪ್ಲಾಸ್ಟಿಕ್ ಹಾಳೆ, ಗೊಬ್ಬರದ ಚೀಲ, ಮೇಲೆ ಡಾಂಬರು. ಒಂದೊಂದರ ಗುಣ ತಿಳಿದುಕೊಳ್ಳಿ. ಪ್ಲಾಸ್ಟಿಕ್ ಹಾಳೆ ನೀರು ತಡೆಯುತ್ತದೆ, ಚೂಪಾದದ್ದನ್ನು ತಡೆಯುವುದಿಲ್ಲ, ನಮ್ಮ ಬೇಸಗೆಯ ಬಿಸಿಲಿಗೆ ಒಣಗಿ ಪೆಡಸಾಗಿ ಬಿರಿಯುತ್ತದೆ. ನೇಯ್ದ ಚೀಲ ಎಳೆತ ತಾಳುತ್ತದೆ, ನೀರು ತಡೆಯುವುದಿಲ್ಲ. ಡಾಂಬರು ಸಂದು ಮುಚ್ಚುತ್ತದೆ, ಬಿಸಿಲಲ್ಲಿ ಮೆತ್ತಗಾಗಿ ಚಳಿಯಲ್ಲಿ ಬಿರುಸಾಗುತ್ತದೆ. ಎಲ್ಲ ಗುಣವೂ ಒಂದರಲ್ಲೇ ಸಿಗುವುದಿಲ್ಲವಾದ್ದರಿಂದ ಪದರ ಪದರವಾಗಿ ಹಾಕಬೇಕು. ಬಿದಿರಿಗೆ ತಾಗಿದಂತೆ ಗೋಣಿತಟ್ಟೋ ಹಳೆಯ ದಪ್ಪ ಬಟ್ಟೆಯೋ ಇರಲಿ, ಅದರ ಮೇಲೆ ನೀರು ತಡೆಯುವ ಹಾಳೆ, ಹಾಳೆಯ ಮೇಲೆ ನೇಯ್ದ ಚೀಲ, ಕೊನೆಗೆ ಡಾಂಬರು.

ಇದರಲ್ಲಿ ಕೆಲವು ಎಚ್ಚರಗಳಿವೆ. ಕುದಿಯುವ ಡಾಂಬರು ತೆಳು ಪ್ಲಾಸ್ಟಿಕ್ಕನ್ನು ಕರಗಿಸಿಬಿಡುತ್ತದೆ. ಸ್ವಲ್ಪ ಆರಿಸಿ, ನೇಯ್ದ ಪದರದ ಮೇಲೆಯೇ ಬಳಿಯಿರಿ. ಆ ಪದರ ಹಸಿಯಿದ್ದಾಗ ಬಳಿದರೆ ಡಾಂಬರು ಗುಳ್ಳೆ ಎದ್ದು ಕಳಚುತ್ತದೆ. ಹೊಲಿಗೆ ಏನಿದ್ದರೂ ನೀರು ಮುಟ್ಟದ ಬಾಯಂಚಿನಲ್ಲಿ ಇರಲಿ. ತಳದಲ್ಲಿ ದಬ್ಬಣ ಆಡಿಸಿದರೆ ಪ್ರತಿ ಹೊಲಿಗೆಯೂ ಒಂದು ತೂತು. ಪದರಗಳ ನಡುವೆ ಮರಳು ಸೇರಲು ಬಿಡಬೇಡಿ. ಸಿಕ್ಕಿಬಿದ್ದ ಮರಳು ಕಾಪಿನ ಒಳಗೇ ಕೂತು ಕಾಪನ್ನು ಅರೆಯುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಇದು. ತಿಕ್ಕಾಟವನ್ನು ಪೂರ್ತಿ ನಿಲ್ಲಿಸಲು ಯಾರಿಂದಲೂ ಆಗದು. ಏನು ಸವೆಯಬೇಕು ಎಂಬುದನ್ನು ಮಾತ್ರ ನಾವು ಆರಿಸಬಹುದು. ಹೆಣಿಗೆ ಸವೆದರೆ ಹರಿಗೋಲೇ ಹೋಯಿತು. ಹಾಳೆ ಸವೆದರೆ ಒಳಗೆ ನೀರು. ಮೇಲಿನ ಚೀಲ ಸವೆದರೆ ಒಂದು ಮಧ್ಯಾಹ್ನದ ಕೆಲಸ. ಹಾಗಾದರೆ ಸವೆಯುವ ಪಾಲು ಆ ಚೀಲದ್ದಾಗಲಿ. ಸಿಗಲು ಸುಲಭ, ಬದಲಿಸಲು ಸುಲಭ ಆದದ್ದನ್ನೇ ಹೊರಗೆ ನಿಲ್ಲಿಸಿ. ಬೆಲೆ ಜಾಸ್ತಿಯೆಂದು ಬದಲಿಸಲು ಹಿಂದೆಮುಂದೆ ನೋಡುವಂಥದ್ದನ್ನು ಹೊರಗೆ ಹಾಕಬೇಡಿ. ಅದು ಹರಿಯುವವರೆಗೂ ನೀವು ಕಾಯುತ್ತೀರಿ.

ಸಮುದ್ರದ ಹಾಯಿದೋಣಿಯವರಿಗೂ ಇದೇ ಚಿಂತೆ ಇದೆ. ಅವರ ಹಾಯಿಕಂಬದ ಎರಡೂ ಬದಿಗೆ ಅಡ್ಡತೋಳುಗಳು ಚಾಚಿರುತ್ತವೆ. ಕಂಬವನ್ನು ಹಿಡಿದ ಉಕ್ಕಿನ ತಂತಿಗಳನ್ನು ಅವು ದೂರಕ್ಕೆ ತಳ್ಳಿ ನಿಲ್ಲಿಸುತ್ತವೆ. ಹಿಂದಿನಿಂದ ಗಾಳಿ ಬೀಸಿದಾಗ ಹಾಯಿ ಉಬ್ಬಿ ಆ ತೋಳುಗಳ ಮೇಲೆ ಒರಗುತ್ತದೆ, ದಿನವೆಲ್ಲ ತಿಕ್ಕಿ ತಿಕ್ಕಿ ಹರಿಯುತ್ತದೆ. ಬಲ್ಲ ನಾವಿಕರು ಹಾಯಿ ಏರಿಸಿ, ಅದು ತೋಳಿಗೆ ತಾಗುವ ಜಾಗಕ್ಕೆ ಗುರುತು ಹಾಕಿ, ಅಲ್ಲಿಗೇ ತೇಪೆ ಹೊಲಿಸುತ್ತಾರೆ. ತೋಳಿನ ತುದಿಗೆ ತೊಗಲು ಸುತ್ತುತ್ತಾರೆ ಅಥವಾ ನುಣುಪಾದ ಟೊಪ್ಪಿಗೆ ತೊಡಿಸುತ್ತಾರೆ. ಸುತ್ತಿದ್ದನ್ನು ಆಗಾಗ ಬಿಚ್ಚಿಯೂ ನೋಡುತ್ತಾರೆ, ಯಾಕೆಂದರೆ ಒಳಗೆ ನಿಂತ ಉಪ್ಪುನೀರು ಲೋಹವನ್ನು ತಿನ್ನುತ್ತದೆ. ನಮ್ಮಲ್ಲಿ ಅದು ಬಿದಿರನ್ನು ಕೊಳೆಯಿಸುವ ಹೊಳೆನೀರು. ಕಾಪು ಹಾಕಿದ ಜಾಗವೇ ಎಲ್ಲಕ್ಕಿಂತ ಹೆಚ್ಚು ನೋಡಬೇಕಾದ ಜಾಗ ಎಂಬುದು ಎರಡು ಕಡೆಯೂ ಒಂದೇ.

ಕುಷ್ಟಗಿ, ಯಲಬುರ್ಗಾ ಕಡೆಯ ಮಳೆ ನಂಬಿದ ಹೊಲಗಳಿಂದ ಬಂದವರು ನಿಮ್ಮಲ್ಲಿ ಇದ್ದೀರಿ. ನಿಮಗೆ ಇದನ್ನು ಹೊಸದಾಗಿ ಹೇಳಬೇಕಿಲ್ಲ. ನೊಗದಡಿ ಎತ್ತಿನ ಹೆಗಲು ಬಾತರೆ ನಿಮ್ಮ ಹಿರಿಯರು ಏನು ಮಾಡುತ್ತಿದ್ದರು? ನೊಗದ ಉಬ್ಬು ಕೆತ್ತಿ, ತಾಗುವಲ್ಲಿ ಮೆತ್ತನೆಯದು ಸುತ್ತಿ, ಹುಣ್ಣು ಮಾಯುವ ತನಕ ಎತ್ತನ್ನು ಹೂಡದೆ ಬಿಡುತ್ತಿದ್ದರು. ಹರಿಗೋಲಿಗೂ ಆ ಮೂರೇ ಕೆಲಸ: ಉಬ್ಬು ತೆಗೆ, ಮೆತ್ತನೆಯದು ಇಡು, ವಿಶ್ರಾಂತಿ ಕೊಡು.

ವಿಶ್ರಾಂತಿಯ ಕಾಲವನ್ನು ಹೊಳೆಯೇ ಕೊಡುತ್ತದೆ. ಮೇಲೆ ಮುನಿರಾಬಾದಿನ ಅಣೆಕಟ್ಟು ತುಂಬಿ ಗೇಟು ತೆರೆದರೆ ಇಲ್ಲಿ ಹರಿಗೋಲು ಇಳಿಸುವ ಮಾತೇ ಇಲ್ಲ. ಆ ದಿನಗಳನ್ನು ದಂಡೆಯಲ್ಲಿ ಕೂತು ಕಳೆಯಬೇಡಿ. ಬೋರಲು ಹಾಕಿ, ನೆರಳಲ್ಲಿ ಒಣಗಿಸಿ, ಹಳೆಯ ಪದರ ಕಿತ್ತು ಹೆಣಿಗೆ ನೋಡಿ. 2024ರ ಆಗಸ್ಟ್ 10ರ ರಾತ್ರಿ ಅದೇ ಅಣೆಕಟ್ಟಿನ 33 ಗೇಟುಗಳ ಪೈಕಿ 19ನೆಯದರ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋದದ್ದು ನಿಮಗೆ ನೆನಪಿದೆ. ಹರಿಯುವ ನೀರಿನಲ್ಲೇ ತಡೆ ಇಳಿಸಲು ತಂತ್ರಜ್ಞರು, ಕಾರ್ಮಿಕರು ಹಗಲಿರುಳು ದುಡಿದರು. ಅಷ್ಟು ದೊಡ್ಡ ಗೇಟನ್ನು ಹಿಡಿದು ನಿಲ್ಲಿಸಿದ್ದು ಒಂದು ಸರಪಳಿ. ದೊಡ್ಡದನ್ನು ಕಟ್ಟಿ ಮುಗಿಸಿದ ಮೇಲೂ ಅದನ್ನು ಹಿಡಿದಿರುವ ಚಿಕ್ಕದನ್ನು ನೋಡುತ್ತಲೇ ಇರಬೇಕೆಂಬುದನ್ನು ನಮ್ಮ ಸೀಮೆ ಆ ವಾರ ಕಣ್ಣಾರೆ ಕಂಡಿತು.

ದಿನದಿನದ ರೂಢಿಗಳನ್ನೂ ಹೇಳಿಬಿಡುತ್ತೇನೆ. ಹರಿಗೋಲನ್ನು ಕಲ್ಲಿನ ಮೇಲೆ ಎಳೆಯಬೇಡಿ, ಎತ್ತಿ ಬೆನ್ನ ಮೇಲೆ ಹೊರಿ. ಒಬ್ಬರಿಗೆ ಆಗದಿದ್ದರೆ ಇನ್ನೊಬ್ಬರನ್ನು ಕರೆಯಿರಿ. ಬೈಕು ಹೇರುವುದಾದರೆ ಸ್ಟ್ಯಾಂಡಿನ ಅಡಿಗೆ ಹಲಗೆ ಇಡಿ. ಚೂಪು ಹಿಮ್ಮಡಿಯ ಚಪ್ಪಲಿ ತೊಟ್ಟ ಪ್ರವಾಸಿಗರಿಗೆ ಬಿಚ್ಚಿ ಹತ್ತುವಂತೆ ನಯವಾಗಿ ಹೇಳಿ. ಸಂಜೆ ನೀರಿನಿಂದ ಮೇಲೆತ್ತಿ ಬೋರಲು ಹಾಕಿ, ತಳದ ಸುತ್ತ ಕೈಯಾಡಿಸಿ. ತೆಳುವಾದ ಕಡೆ ಸುಣ್ಣದಿಂದ ಗುರುತು ಹಾಕಿ, ಮರುದಿನಕ್ಕೆ ಮುಂದೂಡದೆ ತೇಪೆ ಹಚ್ಚಿ. ಒಂದೇ ಜಾಗ ಮತ್ತೆ ಮತ್ತೆ ಸವೆಯುತ್ತಿದ್ದರೆ ತೇಪೆಯನ್ನು ದಪ್ಪ ಮಾಡುತ್ತ ಹೋಗಬೇಡಿ, ಒಳಗೆ ಯಾವ ದಬ್ಬೆ ಎದ್ದಿದೆ ಎಂದು ಹುಡುಕಿ. ತಳ ಎಷ್ಟೇ ಗಟ್ಟಿಯಿದ್ದರೂ ಲೈಫ್ ಜಾಕೆಟ್ ಇಲ್ಲದೆ ಒಬ್ಬರನ್ನೂ ಹತ್ತಿಸಬೇಡಿ.

ಕೊನೆಯದಾಗಿ ದುಡ್ಡಿನ ಮಾತು. ದಿನದ ಗಳಿಕೆ ಎಣಿಸುವಾಗ ತಳದ ಪಾಲನ್ನು ಮೊದಲು ತೆಗೆದಿಡಿ, ಉಳಿದದ್ದು ನಿಮ್ಮದು. ಹಬ್ಬದ ರಜೆಯಲ್ಲಿ ದಂಡೆ ತುಂಬ ಗಿರಾಕಿ ನಿಂತಿರುವ ದಿನವೇ ನಿಮ್ಮ ಕೈಗೆ ಒಂದು ತೆಳು ಜಾಗ ಸಿಕ್ಕೀತು. ಅಂದು ಪಕ್ಕದವನು ಹತ್ತು ಸುತ್ತು ಹೊಡೆಯಲಿ. ನೀವು ಮಾತ್ರ "ಇವತ್ತು ಇಲ್ಲರೀ, ತಳದ ಕೆಲಸ ಐತಿ" ಎಂದು ಗಟ್ಟಿಯಾಗಿ ಹೇಳಿ, ಡಾಂಬರು ಕಾಯಿಸಲು ಹೋಗಿ.